ಒಂದು ಹುಲ್ಲುಕಡ್ಡಿಯೂ ಏಳದ ದಾರಿ

ಕಲ್ಲು ಹಾಸುವುದರಲ್ಲಿ ಏನು ಮಹಾ ಇದೆ? ಕೆಳಗೆ ನೆಲವಿದೆ, ಅದರ ಮೇಲೆ ಕಲ್ಲು ಇಡಬೇಕು. ಇಟ್ಟ ಕಲ್ಲು ಎದ್ದು ಹೋಗುವುದಿಲ್ಲ, ನೆಲವೂ ಎಲ್ಲಿಗೂ ಓಡುವುದಿಲ್ಲ. ಇಷ್ಟು ಸರಳವಾದ ಕೆಲಸಕ್ಕೆ ಜನ ಯಾಕೆ ಕೂಲಿಯವರನ್ನು ಕರೆಯುತ್ತಾರೋ ಎಂದು ನನಗೆ ನಿಜಕ್ಕೂ ಆಶ್ಚರ್ಯವಾಗುತ್ತಿತ್ತು. ಈಗ ಆಗುವುದಿಲ್ಲ.

ಅದು ಎಂಬತ್ತರ ದಶಕ. ನಾವು ವಿಜಯನಗರದ ಅಂಚಿನಲ್ಲಿ, ಅತ್ತಿಗುಪ್ಪೆಯ ಕಡೆ, ಸ್ವಂತ ಮನೆ ಕಟ್ಟಿಕೊಂಡು ಬಂದ ಹೊಸತು. ನಾವು ಎಂದರೆ ನಾನು, ನನ್ನ ಹೆಂಡತಿ ವಿಮಲಾ, ನಮ್ಮಮ್ಮ. ಮನೆ ಮುಗಿಯುವ ಹೊತ್ತಿಗೆ ನಮ್ಮ ಉತ್ಸಾಹವೂ ಮುಗಿದಿದ್ದರಿಂದ ಗೇಟಿನಿಂದ ಬಾಗಿಲವರೆಗಿನ ಜಾಗ ಹಾಗೇ ಉಳಿದಿತ್ತು. ಗರಿಕೆ, ಕೊನ್ನಾರಿ, ನೆಗ್ಗಿಲುಮುಳ್ಳು, ಹೆಸರೇ ಗೊತ್ತಿಲ್ಲದ ಇನ್ನೂ ಹತ್ತಾರು ಕಳೆಗಳು ನಮಗಿಂತ ಮೊದಲೇ ಅಲ್ಲಿ ಗೃಹಪ್ರವೇಶ ಮಾಡಿಕೊಂಡು ಸುಖವಾಗಿದ್ದವು. ನಮಗೂ ಅವಕ್ಕೂ ಯಾವ ತಕರಾರೂ ಇರಲಿಲ್ಲ.

ತಕರಾರು ಶುರುವಾದದ್ದು ತಿಪಟೂರಿನಿಂದ ಆಫೀಸಿಗೆ ಟ್ರಂಕಾಲ್ ಬಂದ ದಿನ. ನಮ್ಮ ಮಾವನವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ಕೋಲು ಹಿಡಿದು ನಡೆಯುವ ಹಂತಕ್ಕೆ ಬಂದಿದ್ದರು. ಈಗ ಬೆಂಗಳೂರಿನ ಡಾಕ್ಟರಿಗೆ ತೋರಿಸಬೇಕು, ಗೌರಿಹಬ್ಬದವರೆಗೆ ಮಗಳ ಮನೆಯಲ್ಲಿರಬೇಕು ಎಂದು ತೀರ್ಮಾನವಾಗಿತ್ತು. ಇಷ್ಟು ಹೇಳಿದ ನನ್ನ ಭಾವಮೈದುನ ಫೋನ್ ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದ.

"ಭಾವ, ಇನ್ನೊಂದ್ ಸಲ ಬಿದ್ರೆ ಮತ್ತೆ ಎದ್ದು ಓಡಾಡೋದು ಕಷ್ಟ ಅಂದಿದಾರೆ ಡಾಕ್ಟ್ರು. ಸ್ವಲ್ಪ ನೋಡ್ಕೊಳ್ಳಿ."

ಮಾವನವರು ನಿವೃತ್ತ ಹೆಡ್‌ಮಾಸ್ತರು. ಕಾಫಿ ಕೊಟ್ಟರೂ ಲೋಟವನ್ನು ಉತ್ತರಪತ್ರಿಕೆಯ ಹಾಗೆ ತಿರುಗಿಸಿ ನೋಡಿಯೇ ಕುಡಿಯುವವರು. ಅವರು ನನ್ನನ್ನು ಅಳಿಯ ಎಂದು ಒಪ್ಪಿಕೊಂಡದ್ದು ಗ್ರೇಸ್ ಮಾರ್ಕ್ಸ್ ಕೊಟ್ಟು ಎಂಬ ಅನುಮಾನ ನನಗೆ ಮದುವೆಯ ದಿನದಿಂದಲೂ ಇತ್ತು. ಅಂಥವರು ನಮ್ಮ ಗೇಟು ದಾಟಿ, ಹುಲ್ಲಿನೊಳಗೆ ಅಡಗಿರುವ ಯಾವುದೋ ಗುಂಡಿಗೆ ಕಾಲಿಟ್ಟು ಬಿದ್ದರೆ? ಅವರು ಮತ್ತೆ ಏಳದಿದ್ದರೆ? ಜೀವಮಾನವಿಡೀ "ಅಪ್ಪ ಬಿದ್ದದ್ದು ನಮ್ಮನೇಲಿ" ಎಂದು ವಿಮಲಾ ಬಾಯಿಬಿಟ್ಟು ಹೇಳದೆ ನನ್ನನ್ನು ನೋಡುತ್ತಿದ್ದರೆ? ಅಂದು ಆಫೀಸಿನಲ್ಲಿ ನಾನು ಒಂದು ಫೈಲನ್ನೂ ತಿರುವಲಿಲ್ಲ.

ಸಂಜೆ ಮನೆಗೆ ಬಂದವನೇ ಘೋಷಿಸಿದೆ.

"ಗೇಟಿನಿಂದ ಬಾಗಿಲ ತನಕ ಚಪ್ಪಡಿ ಹಾಸ್ತೀನಿ. ನಾನೇ ಹಾಸ್ತೀನಿ."

"ನೀವಾ?" ಎಂದಳು ವಿಮಲಾ. ಬಹಳ ಚಿಕ್ಕ ಪ್ರಶ್ನೆ. ಆದರೆ ಅದರಲ್ಲಿ ಎಷ್ಟೊಂದು ಇತಿಹಾಸವಿತ್ತು!

"ನಾನೇ. ಸಂದಿಯಲ್ಲಿ ಒಂದು ಹುಲ್ಲುಕಡ್ಡಿ ಎದ್ರೆ ಈ ಮೀಸೆ ಬೋಳಿಸ್ತೀನಿ!"

ನನ್ನ ಮೀಸೆಯ ಬಗ್ಗೆ ಒಂದು ಮಾತು. ನನ್ನ ಮುಖದಲ್ಲಿ ನೋಡುವಂಥದ್ದು ಎಂದು ಏನಾದರೂ ಇದ್ದರೆ ಅದೊಂದೇ. ವಿಮಲಾ ಅದನ್ನು ಒಮ್ಮೆ ದಿಟ್ಟಿಸಿ, "ಅಮ್ಮಾ, ಕೇಳಿಸ್ಕೊಂಡ್ರಾ?" ಎಂದು ಅಡುಗೆಮನೆಯಲ್ಲಿದ್ದ ತನ್ನ ಅತ್ತೆಯನ್ನು ಸಾಕ್ಷಿ ಮಾಡಿಕೊಂಡಳು.

ಭಾನುವಾರ ಬೆಳಿಗ್ಗೆ ನಾನು ಗುದ್ದಲಿ ಹಿಡಿದು ಅಂಗಳಕ್ಕಿಳಿದೆ. ಪಕ್ಕದ ಮನೆಯ ರುದ್ರಪ್ಪನವರು ಕಾಫಿ ಲೋಟ ಹಿಡಿದು ಕಾಂಪೌಂಡಿನ ಆಚೆ ಪ್ರತ್ಯಕ್ಷರಾದರು. ದಾವಣಗೆರೆ ಕಡೆಯವರು, ಒಳ್ಳೆಯ ಜನ. ಕೇಳದೆಯೇ ಸಲಹೆ ಕೊಡುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ.

"ಕಲ್ಲು ಹಾಸೋದು ದೊಡ್ಡದಲ್ಲ ಸಾರ್. ಸಂದಿಯೊಳಗೆ ಹುಲ್ಲು ಬರೋದು ತಡೀಬೇಕಲ್ಲ, ಅದು ದೊಡ್ಡದು. ಕೆಳಗೆ ಉಪ್ಪು ಸುರೀರಿ. ಉಪ್ಪು ಬಿದ್ದ ಕಡೆ ಒಂದೂ ಏಳಲ್ಲ, ಬರೆದಿಟ್ಕೊಳ್ರಿ."

ನಾನು ತಕ್ಷಣ ಸ್ಕೂಟರ್ ಹತ್ತಿ ಮಾರೇನಹಳ್ಳಿಗೆ ಹೋಗಿ ಒಂದು ಮೂಟೆ ಹರಳುಪ್ಪು ತಂದೆ. ಮೂಟೆ ಇಳಿಸುವಾಗ ಅಮ್ಮ ಹೊರಗೆ ಬಂದಳು.

"ಇಷ್ಟೊಂದು ಉಪ್ಪು ಯಾಕೋ ನಂಜುಂಡ? ಉಪ್ಪಿನಕಾಯಿ ಹಾಕೋ ಕಾಲ ಅಲ್ವಲ್ಲ?"

ವಿಷಯ ಹೇಳಿದೆ. ಅಮ್ಮ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡಳು.

"ಉಪ್ಪು ಅಂದ್ರೆ ಲಕ್ಷ್ಮಿ ಕಣೋ! ಅವಳನ್ನ ದಾರೀಲಿ ಮಲಗಿಸಿ ಮೇಲೆ ಓಡಾಡ್ಬೇಕಾ ನಾವು? ಅದೂ ಬೀಗರು, ಕಾಲು ಮುರ್ಕೊಂಡು ಬರ್ತಾ ಇರೋರು, ಅವರ ಕೈಲಿ ಲಕ್ಷ್ಮೀನ ತುಳಿಸ್ತೀಯಾ?"

ಮೂಟೆಯನ್ನು ಜಗಲಿಯ ಮೂಲೆಗೆ ಒರಗಿಸಿದೆ. ಶ್ರಾವಣದ ಜಡಿಮಳೆ, ಗಾಳಿಯಲ್ಲೆಲ್ಲ ತೇವ. ಉಪ್ಪು ಕೂತಲ್ಲೇ ಅರ್ಧಕ್ಕರ್ಧ ಕರಗಿ, ಜಗಲಿಯಿಂದಿಳಿದು, ವಿಮಲಾ ಸಾಲಾಗಿ ನೆಟ್ಟಿದ್ದ ಕನಕಾಂಬರದ ಬುಡ ಸೇರಿತು. ಉಪ್ಪು ಬಿದ್ದ ಕಡೆ ಒಂದೂ ಏಳುವುದಿಲ್ಲ ಎಂಬ ರುದ್ರಪ್ಪನವರ ಮಾತು ನೂರಕ್ಕೆ ನೂರು ನಿಜವಾಯಿತು. ಗಿಡಗಳೆಲ್ಲ ಒಣಗಿ ನಿಂತ ದಿನ ವಿಮಲಾ ನನಗೆ ಉಪ್ಪಿಲ್ಲದ ಸಾರು ಬಡಿಸಿದಳು.

ಉಪ್ಪಿನ ಆಸೆ ಹೋಯಿತು. ಇನ್ನು ವಿಜ್ಞಾನವೇ ಗತಿ ಎಂದುಕೊಂಡೆ. ಕಳೆ ಎಲ್ಲಿಂದ ಬರುತ್ತದೆ? ಕೆಳಗಿನಿಂದ. ಕೆಳಗಿನಿಂದ ಬರುವ ದಾರಿಯನ್ನೇ ಮುಚ್ಚಿಬಿಟ್ಟರೆ? ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಹಾಳೆ ತಂದೆ. ದಾರಿಯನ್ನು ಗೇಣು ಆಳಕ್ಕೆ ಅಗೆದು, ಬೇರುಗಳನ್ನು ಆರಿಸಿ ತೆಗೆದು, ಹಾಳೆಯನ್ನು ಒಂದೂ ಸುಕ್ಕಿಲ್ಲದಂತೆ ಹಾಸಿದೆ. ಪಕ್ಕದಿಂದ ಕಳ್ಳತನದಲ್ಲಿ ನುಸುಳಿದರೆ ಎಂಬ ಭಯಕ್ಕೆ ಹಾಳೆಯ ಅಂಚುಗಳನ್ನು ಸುತ್ತಲೂ ಮೇಲಕ್ಕೆ ಮಡಚಿ ನಿಲ್ಲಿಸಿದೆ. ಅದರ ಮೇಲೆ ಮರಳು ತುಂಬಿಸಿದೆ. ನೋಡಿದರೆ ಉದ್ದನೆಯ ತೊಟ್ಟಿಯ ಹಾಗೆ ಕಾಣುತ್ತಿತ್ತು. ತೊಟ್ಟಿಯ ಹಾಗೆ ಕಾಣುವುದಕ್ಕೂ ತೊಟ್ಟಿಯೇ ಆಗಿರುವುದಕ್ಕೂ ವ್ಯತ್ಯಾಸ ಬಹಳವಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಮೊದಲ ಚಪ್ಪಡಿಯನ್ನು ಹಾರೆಯಿಂದ ಮೀಟಿ ಇನ್ನೇನು ಮಲಗಿಸಬೇಕು, ಅಮ್ಮ ಅಡ್ಡ ಬಂದಳು.

"ಭೂಮಿ ಅಗೆದಿದೀಯ. ಪೂಜೆ ಮಾಡ್ದೆ ಕಲ್ಲಿಡೋದಾ?"

"ಅಮ್ಮ, ಇದು ಮನೆ ಪಾಯ ಅಲ್ಲ, ಓಡಾಡೋ ದಾರಿ."

"ಬೀಗರು ಓಡಾಡೋ ದಾರಿ" ಎಂದು ತಿದ್ದಿದಳು ಅಮ್ಮ.

ಅರಿಶಿನ, ಕುಂಕುಮ, ಹೂವು, ಹಾಲು ಬಂದವು. ಅದರ ಹಿಂದೆಯೇ ನವಧಾನ್ಯ ಬಂತು. ಸಾಮಾನ್ಯವಾಗಿ ಪಾಯಕ್ಕೆ ಒಂದು ಹಿಡಿ ಕಾಳು ಹಾಕುತ್ತಾರೆ. ಅಮ್ಮ ತಂದದ್ದು ಸೇರಿನ ತುಂಬ. ಭತ್ತ, ಗೋಧಿ, ಹೆಸರು, ಅವರೆ, ಹುರುಳಿ, ಉದ್ದು, ತೊಗರಿ, ಕಡಲೆ, ಎಳ್ಳು, ಎಲ್ಲವೂ ಅಂಗಡಿಯವನ ಹತ್ತಿರ ಜಗಳವಾಡಿ ಆರಿಸಿ ತಂದ ಗಟ್ಟಿ ಕಾಳು. "ಬೀಗರ ಕಾಲು ಗಟ್ಟಿಯಾಗ್ಲಿ ತಾಯಿ, ಅವರು ಕೋಲು ಬಿಟ್ಟು ನಡೆಯೋ ಹಾಗಾಗ್ಲಿ" ಎಂದು ಬೇಡಿಕೊಂಡು ಅಷ್ಟನ್ನೂ ಮರಳಿನ ಮೇಲೆ ಸುರಿದು, ಹಾಲು ಹೊಯ್ದು, ಕೈಮುಗಿದಳು.

ನಾನು ಚಪ್ಪಡಿ ಇಟ್ಟೆ. ಕೆಳಗೆ ಕಾಳಿನ ಗುಡ್ಡೆ, ಕಲ್ಲು ಸರಿಯಾಗಿ ಕೂರಲೇ ಇಲ್ಲ. ದೇವರ ಕಾಳನ್ನು ತೆಗೆದು ಎಸೆಯುವಂತಿಲ್ಲ. ಆಗ ನನಗೊಂದು ಅದ್ಭುತವಾದ ಉಪಾಯ ಹೊಳೆಯಿತು! ಕಲ್ಲೆತ್ತಿ, ಕಾಳನ್ನೆಲ್ಲ ಅಂಗೈಯಿಂದ ಎಳೆದೆಳೆದು, ಬಾಗಿಲಿನಿಂದ ಗೇಟಿನವರೆಗೆ ತೆಳುವಾಗಿ, ಸಮವಾಗಿ ಹರಡಿದೆ. ಮೇಲೆ ಇನ್ನಷ್ಟು ಮರಳು ಉದುರಿಸಿದೆ. ಮಟ್ಟ ಸರಿಹೋಯಿತು. ಅಮ್ಮನಿಗಂತೂ ಬಹಳ ಸಂತೋಷ.

"ದಾರಿ ಪೂರ್ತಿ ದೇವರ ಕಾಳು ಬಿದ್ದಂಗಾಯ್ತು. ನೀನು ಒಂದೊಂದ್ಸಲ ಜಾಣ ಕಣೋ" ಎಂದಳು.

ಕಾಳನ್ನು ಮಣ್ಣಿಗೆ ಹಾಕಿದರೆ ಏನಾಗುತ್ತದೆ ಎನ್ನುವುದು ಎರಡನೇ ತರಗತಿಯ ಪಾಠ. ನಾನು ಬಿ.ಕಾಂ. ಓದಿದವನು.

ಸಂಜೆಯ ಹೊತ್ತಿಗೆ ದಾರಿ ಸಿದ್ಧವಾಯಿತು. ದಾರ ಕಟ್ಟಿ, ಒಂದೊಂದು ಬೆರಳಿನ ಸಂದಿ ಬಿಟ್ಟು ಹಾಸಿದ ಚಪ್ಪಡಿಗಳು ನೋಡಲು ಲಕ್ಷಣವಾಗಿದ್ದವು. ವಿಮಲಾಳೇ "ಪರವಾಗಿಲ್ವೇ!" ಎಂದಳು. ರುದ್ರಪ್ಪನವರು ಕಾಂಪೌಂಡಿನ ಮೇಲೆ ಬಾಗಿ ನೋಡಿ, "ಮರಳು ಸರಿಯಾಗಿ ಕೂರಬೇಕು ಸಾರ್. ದಿನಾ ಎರಡು ಹೊತ್ತು ನೀರು ಹಿಡೀರಿ" ಎಂದರು. ಹಿಡಿದೆ. ಮಳೆಯೂ ತನ್ನ ಪಾಲಿನದನ್ನು ಸುರಿಯಿತು. ಅಮ್ಮ ಎಂದಿನಂತೆ ಮುಂಜಾನೆ ಎದ್ದು ಸಗಣಿ ನೀರು ಚೆಲ್ಲಿ, ಹೊಸ ಕಲ್ಲಿನ ಮೇಲೆ ರಂಗೋಲಿ ಬಿಟ್ಟಳು. ಕೆಳಗೆ ನೀರು ಇಂಗದ ತೊಟ್ಟಿ, ಮೇಲೆ ಬೆಚ್ಚನೆಯ ಕಲ್ಲು, ಸಂದಿಗೆ ಗೊಬ್ಬರ. ಹೊಲದಲ್ಲಿ ಸಸಿಮಡಿಗೂ ಇಷ್ಟು ಉಪಚಾರ ನಡೆಯುವುದಿಲ್ಲ.

ಒಂದು ಬೆಳಿಗ್ಗೆ ನಾನು ಕನ್ನಡಿಯ ಮುಂದೆ ನಿಂತು ಮೀಸೆ ಬಾಚುತ್ತಿದ್ದಾಗ ಹೊರಗಿನಿಂದ ವಿಮಲಾ ಕೂಗಿದಳು.

"ರೀ, ಒಂದ್ನಿಮಿಷ ಬನ್ನಿ. ಮೀಸೇನೂ ಕರ್ಕೊಂಡು ಬನ್ನಿ!"

ಹೋಗಿ ನೋಡಿದೆ. ಪ್ರತಿಯೊಂದು ಸಂದಿಯಲ್ಲೂ ಹಸಿರು ಗೆರೆ! ಹೆಸರುಕಾಳು ಎರಡೆರಡು ಎಲೆ ಬಿಟ್ಟು ನಿಂತಿತ್ತು. ಅವರೆ ತಲೆಯಿಂದ ಮರಳನ್ನು ದೂಡಿಕೊಂಡು ಮೇಲೇಳುತ್ತಿತ್ತು. ಗೋಧಿ, ಭತ್ತ ಸೂಜಿಯ ಹಾಗೆ ಎದ್ದಿದ್ದವು. ನಾನು ದಾರ ಹಿಡಿದು ಹಾಸಿದ್ದರಿಂದ ಬೆಳೆಯೂ ದಾರ ಹಿಡಿದಂತೆ ಬಂದಿತ್ತು.

"ಏನ್ ಸಾಲು ಸಾರ್!" ಎಂದರು ಆಚೆಯಿಂದ ರುದ್ರಪ್ಪನವರು. "ನಮ್ಮೂರ ಹೊಲದಾಗೂ ಇಷ್ಟು ನೆಟ್ಟಗೆ ಬಿತ್ತಲ್ಲ."

"ಮೀಸೆ" ಎಂದಳು ವಿಮಲಾ.

"ಇದು ಕಳೆ ಅಲ್ಲ. ಧಾನ್ಯ" ಎಂದೆ ಗಂಭೀರವಾಗಿ. "ನಾನು ಹೇಳಿದ್ದು ಹುಲ್ಲುಕಡ್ಡಿ."

ವಿಮಲಾ ಸ್ವಲ್ಪ ಯೋಚಿಸಿ, ತಾತ್ಕಾಲಿಕವಾಗಿ ಒಪ್ಪಿದಳು. ನಾನು ಬಗ್ಗಿ ಮೊದಲ ಸಸಿ ಕೀಳಲು ಹೋದಾಗ ಆ ಚಪ್ಪಡಿ ಒಂದು ಕಡೆ ಪಚಕ್ಕನೆ ಕೆಳಗಿಳಿದು, ಇನ್ನೊಂದು ಕಡೆಯಿಂದ ಕೆಸರು ನೀರು ನೇರವಾಗಿ ನನ್ನ ಬನಿಯನ್ನಿಗೆ ಹಾರಿತು. ಪಕ್ಕದ್ದರ ಮೇಲೆ ಕಾಲಿಟ್ಟೆ. ಅದೂ ತೂಗಿತು. ಒಳಗೆ ನಿಂತ ನೀರಿನ ಮೇಲೆ ನನ್ನ ಇಡೀ ದಾರಿ ದೋಣಿಯಾಗಿತ್ತು! ಮಾವನವರು ಬರುವುದು ಮುಂದಿನ ಭಾನುವಾರ. ಆ ಸೊಂಟ, ಈ ಕಲ್ಲು.

"ಮುಟ್ಬೇಡ!" ಅಮ್ಮನ ದನಿ. "ಬೀಗರ ಕಾಲಿಗೆ ಅಂತ ಬೇಡ್ಕೊಂಡು ಹಾಕಿದ ಕಾಳು ಅದು. ಮೊಳಕೆ ಎಷ್ಟು ಚೆನ್ನಾಗಿ ಬಂದಿದೆ ನೋಡು, ಶುಭ. ಇದನ್ನ ಕಿತ್ತು ಹಾಕಿ, ಆಮೇಲೆ ಅವರಿಗೆ ಏನಾದ್ರೂ ಆದ್ರೆ?"

ಈಗ ನನ್ನ ಪರಿಸ್ಥಿತಿ ನೋಡಿ. ಸಸಿ ಕಿತ್ತರೆ ಹರಕೆ ಕೆಟ್ಟು ಮಾವನವರ ಕಾಲಿಗೆ ಅಪಾಯ. ಕೀಳದೆ ಕಲ್ಲೆತ್ತಿ ಸರಿಪಡಿಸುವಂತಿಲ್ಲ, ಸರಿಪಡಿಸದಿದ್ದರೂ ಮಾವನವರ ಕಾಲಿಗೇ ಅಪಾಯ. ಎತ್ತ ಹೋದರೂ ಆ ಕಾಲು! ನಾನು ದೇವರನ್ನು ಅಷ್ಟಾಗಿ ನಂಬುವವನಲ್ಲ. ಆದರೆ ಮಾವನವರ ವಿಷಯದಲ್ಲಿ ಧೈರ್ಯ ಮಾಡುವಷ್ಟು ನಾಸ್ತಿಕನೂ ಅಲ್ಲ.

ಬೀದಿಯ ಹೆಂಗಸರೆಲ್ಲ ಬಂದು ನೋಡಿದರು. ಅಮ್ಮ ಎಲ್ಲರಿಗೂ ಕುಂಕುಮ ಕೊಟ್ಟಳು. ನಾನು ಅವರು ಹೋಗುವುದನ್ನೇ ಕಾದು ಕತ್ತರಿ ತಂದು, "ಕಿತ್ತಿಲ್ಲ, ಕತ್ತರಿಸಿದೆ ಅಷ್ಟೇ" ಎಂದು ನನಗೇ ಹೇಳಿಕೊಂಡು ಗೋಧಿಯ ತುದಿ ಸವರಿದೆ. ಅದು ಕ್ಷೌರ ಮಾಡಿಸಿಕೊಂಡ ಉತ್ಸಾಹದಲ್ಲಿ ಮತ್ತಷ್ಟು ದಟ್ಟವಾಗಿ ಚಿಗುರಿತು. ತೂಗುವ ಕಲ್ಲಿನ ಅಡಿಗೆ ಇಟ್ಟಿಗೆ ಚೂರು ತುರುಕಿದೆ. ಅದು ನಿಂತಿತು, ಅದರ ಮುಂದಿನದು ತೂಗಿತು. ಆಫೀಸಿನಲ್ಲಿ ಫೋನ್ ಬಡಿದರೆ ಸಾಕು, ಮಾವನವರು ಇವತ್ತೇ ಹೊರಟುಬಿಟ್ಟರೇನೋ ಎಂದು ಬೆವರುತ್ತಿದ್ದೆ. ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಕೋಲು ಜಾರುವ ಸದ್ದು.

ಕೊನೆಗೆ ಪರಿಹಾರ ಸಿಕ್ಕಿದ್ದು ಬಸ್‌ಸ್ಟಾಪಿನಲ್ಲಿ. ಬೀದಿ ಹಸುವೊಂದು ಯಾರದೋ ಬಾಗಿಲ ತೋರಣವನ್ನು ನಿಶ್ಚಿಂತೆಯಿಂದ ಮೇಯುತ್ತಿತ್ತು. ಮನೆಯವರು ಕೈಮುಗಿದು ನಿಂತಿದ್ದರು! ನನಗೆ ಜ್ಞಾನೋದಯವಾಯಿತು. ನಾನು ಕಿತ್ತರೆ ಪಾಪ, ಗೋಮಾತೆ ತಿಂದರೆ ಪುಣ್ಯ. ದೇವರ ಕಾಳು ದೇವರ ಹೊಟ್ಟೆಗೇ ಹೋಗುತ್ತದೆ. ಅಮ್ಮ ಒಂದು ಮಾತು ಆಡುವಂತಿಲ್ಲ. ಸಸಿ ಹೋದ ಮೇಲೆ ಕಲ್ಲೆತ್ತಿ, ಹಾಳೆ ಹರಿದು, ನೀರು ಬಸಿದು, ಮತ್ತೆ ಹಾಸಿದರಾಯಿತು.

ಭಾನುವಾರ ಬೆಳಗಾಗುತ್ತಲೇ ಗೇಟು ತೆರೆದಿಟ್ಟೆ. ಮಾವನವರ ರೈಲು ಮಧ್ಯಾಹ್ನ, ಸಮಯ ಧಾರಾಳವಾಗಿತ್ತು. ನಮ್ಮ ಬೀದಿಗೆ ದಿನವೂ ಬರುವ ಬಿಳಿ ಹಸು ಬಂತು. ಬೆಲ್ಲ ತೋರಿಸಿ ಒಳಗೆ ಕರೆದೆ. ಅದು ಗಂಭೀರವಾಗಿ ನಡೆದು ಬಂದು, ಸಸಿಗಳನ್ನು ಮೂಸಿ, ಬೇಡವೆಂಬಂತೆ ತಲೆಯೆತ್ತಿ, ನೇರವಾಗಿ ಜಗಲಿಯ ಮೂಲೆಗೆ ಹೋಯಿತು. ಅಲ್ಲಿತ್ತು ನನ್ನ ಉಪ್ಪಿನ ಮೂಟೆ!

ಹಸುವಿಗೆ ಉಪ್ಪೆಂದರೆ ಎಷ್ಟು ಪ್ರೀತಿ ಎಂದು ಆಗ ತಿಳಿಯಿತು. ಮೂಟೆ ನೆಕ್ಕಿತು. ಉಪ್ಪು ನೀರು ಹರಿದ ಜಗಲಿ ನೆಕ್ಕಿತು. ಆಮೇಲೆ ದಾರಿಗೆ ಅಡ್ಡವಾಗಿ ನಿಂತು ಚಪ್ಪಡಿಗಳನ್ನು ಒಂದೊಂದಾಗಿ ನೆಕ್ಕತೊಡಗಿತು. ಬೆಲ್ಲ ತೋರಿಸಿದೆ, ನೋಡಲಿಲ್ಲ. ಹೇ ಹೇ ಎಂದೆ, ಕಿವಿ ಮಾತ್ರ ಆಡಿಸಿತು.

"ಬಾಲ ತಿರುವಿ ಸಾರ್" ಎಂದರು ರುದ್ರಪ್ಪನವರು.

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತ ಸದ್ದಾಯಿತು. ಮಾವನವರು! ಮಧ್ಯಾಹ್ನದ ಬಿಸಿಲು ಬೇಡವೆಂದು ಬೆಳಗಿನ ಗಾಡಿಗೇ ಹೊರಟುಬಿಟ್ಟಿದ್ದರು. ಭಾವಮೈದುನ ಕೈಹಿಡಿದು ಇಳಿಸಿದ. ಬಿಳಿ ಪಂಚೆ, ಕರಿ ಕೋಟು, ಕೈಯಲ್ಲಿ ಕೋಲು. ವಿಮಲಾ "ಅಪ್ಪಾ" ಎಂದು ಓಡಿ ಬಂದಳು. ಅಮ್ಮ ಸೆರಗು ಹೊದ್ದು ಬಾಗಿಲಿಗೆ ಬಂದಳು. ಅವರಿಗೂ ಮಾವನವರಿಗೂ ನಡುವೆ ಒಂದು ಹಸು, ಒಂದು ಹೊಲ, ಒಂದು ತೂಗುದಾರಿ, ಮತ್ತು ನಾನು.

"ಅಲ್ಲೇ ಇರಿ ಮಾವ! ಕಾಲಿಡ್ಬೇಡಿ!" ಎಂದು ಕೂಗುತ್ತ, ಬೇರೇನೂ ತೋಚದೆ, ಹಸುವಿನ ಬಾಲ ಹಿಡಿದು ತಿರುವಿದೆ. ಅದು ಒಮ್ಮೆ ಹಿಂದಿನ ಕಾಲು ಝಾಡಿಸಿತು. ನಾನು ಹಿಂದಕ್ಕೆ ಹಾರಿದೆ. ಹಾರಿದ್ದು ಚಪ್ಪಡಿಯ ಅಂಚಿನ ಮೇಲೆ. ಅದು ಪಚಕ್ಕೆಂದಿತು. ನನ್ನ ಎಡಗಾಲು ಒಂದು ಕಡೆ, ಬಲಗಾಲು ಇನ್ನೊಂದು ಕಡೆ ಹೊರಟವು. ಪಾದದ ಹತ್ತಿರ ಏನೋ ಲಟಕ್ಕೆಂದಿತು. ನಾನು ಅವರೆ, ಹೆಸರು, ಹುರುಳಿಯ ನಡುವೆ ಅಂಗಾತ ಮಲಗಿದ್ದೆ.

ಆ ನೋವಿನಲ್ಲೂ ನನ್ನ ಕಣ್ಣು ಮಾವನವರ ಮೇಲೆಯೇ. ಅವರು ಕೋಲಿನಿಂದ ಮೊದಲ ಚಪ್ಪಡಿಯನ್ನು ಕುಟ್ಟಿ ನೋಡಿದರು. ಅದು ತೂಗಿತು. ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, ಕಾಂಪೌಂಡಿನ ಪಕ್ಕದಲ್ಲಿ ನಾನು ಅಗೆಯದೆ ಬಿಟ್ಟಿದ್ದ ಗರಿಕೆ ತುಂಬಿದ ಮಣ್ಣಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ನಡೆದು, ಸುಖವಾಗಿ ಜಗಲಿ ತಲುಪಿದರು.

"ಹುಲ್ಲಿದ್ದ ಕಡೆ ಕಾಲು ಜಾರಲ್ಲ ಅಳಿಯಂದಿರೇ" ಎಂದರು. ಅಲ್ಲಿಂದಲೇ ಬಗ್ಗಿ ತಮ್ಮ ಕೋಲನ್ನು ನನ್ನ ಕಡೆ ಚಾಚಿದರು. "ಇದನ್ನ ಹಿಡ್ಕೊಂಡು ಏಳಿ. ಮನೆ ಒಳಗೆ ನನಗೆ ಬೇಕಾಗಲ್ಲ, ಗೋಡೆ ಇದೆ."

"ನೋಡಿದ್ಯಾ!" ಅಮ್ಮನ ಕಣ್ಣಲ್ಲಿ ನೀರು. "ಬೀಗರು ಕೋಲು ಬಿಟ್ರು! ದೇವರ ಕಾಳು ಕೈಬಿಡ್ಲಿಲ್ಲ."

"ನನ್ನ ಕಾಲಮ್ಮಾ?" ಎಂದು ನರಳಿದೆ.

"ನಿನ್ನ ಕಾಲಿಗೆ ಅಂತ ನಾನು ಬೇಡ್ಕೊಂಡಿರ್ಲಿಲ್ವಲ್ಲೋ!"

ನಿಜಕ್ಕೂ ನನಗೆ ಅಳು ಬರಬೇಕಿತ್ತು. ಆದರೆ ಮಾವನವರು ಬೀಳಲಿಲ್ಲ ಎಂಬ ನೆಮ್ಮದಿಗೆ ನಗು ಬಂತು. ನಗುತ್ತ ತಲೆ ಹೊರಳಿಸಿದಾಗ, ಮೂಗಿನ ತುದಿಗೆ ಸರಿಯಾಗಿ, ಎರಡು ಚಪ್ಪಡಿಗಳ ಸಂದಿಯಲ್ಲಿ, ಹೆಸರಿನ ಸಸಿಯ ಮರೆಯಲ್ಲಿ, ಒಂದು ಎಳೆಯ ಕುಡಿ ಕಾಣಿಸಿತು. ಭತ್ತವಲ್ಲ. ಗೋಧಿಯಲ್ಲ. ಅಪ್ಪಟ ಗರಿಕೆ! ಕೈ ಚಾಚಿ ಸದ್ದಿಲ್ಲದೆ ಕಿತ್ತುಬಿಡೋಣವೆಂದುಕೊಂಡೆ. ತಲೆ ಎತ್ತಿದರೆ, ನನ್ನನ್ನು ಎಬ್ಬಿಸಲು ಬಗ್ಗಿದ್ದ ವಿಮಲಾ ಕೂಡ ಅಲ್ಲಿಗೇ ನೋಡುತ್ತಿದ್ದಳು.

ಮರುದಿನ ಡಾಕ್ಟರ ಹತ್ತಿರ ಮಾವ ಅಳಿಯ ಇಬ್ಬರೂ ಒಂದೇ ಆಟೋದಲ್ಲಿ ಹೋದೆವು. ಕೋಲು ನನ್ನ ಕೈಯಲ್ಲಿತ್ತು. ಡಾಕ್ಟರು ಮಾವನವರನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ, ಬಹಳ ಚೆನ್ನಾಗಿದೆ ಎಂದರು. ನನ್ನನ್ನು ಬಹಳ ಹೊತ್ತು ಪರೀಕ್ಷಿಸಿದರು. ಪಾದ ಸೋರೆಕಾಯಿಯ ಹಾಗೆ ಊದಿಕೊಂಡಿತ್ತು.

"ಎಲ್ಲಿ ಬಿದ್ರಿ ಇವರೇ?" ಎಂದು ಕೇಳಿದರು.

ನಾನು ಮರ್ಯಾದೆಯ ಉತ್ತರವೊಂದನ್ನು ಹುಡುಕುತ್ತಿದ್ದೆ. ಮಾವನವರು ಕನ್ನಡಕ ಸರಿಮಾಡಿಕೊಂಡು ಹೇಳಿದರು.

"ಹೊಲದಲ್ಲಿ ಡಾಕ್ಟ್ರೇ."

"ಓ, ವ್ಯವಸಾಯ ಉಂಟೋ? ಯಾವ ಊರಲ್ಲಿ ಹೊಲ?"

"ವಿಜಯನಗರದಲ್ಲಿ" ಎಂದರು ಮಾವನವರು.

ಡಾಕ್ಟರು ನನ್ನ ಮುಖವನ್ನೇ ನೋಡಿದರು. ಇಂಥ ಸಂದರ್ಭದಲ್ಲಿ ಗಾಂಭೀರ್ಯ ಕಾಪಾಡಿಕೊಳ್ಳಲು ನನಗಿದ್ದದ್ದು ಒಂದೇ ದಾರಿ. ಮೀಸೆ ತಿರುವಲು ಕೈ ಎತ್ತಿದೆ. ಅದು ಅಲ್ಲಿರಲಿಲ್ಲ.